ತೊಳೆಯದ ಬೆಳ್ಳಿ

ದೀಪಾವಳಿಯ ಲಕ್ಷ್ಮೀಪೂಜೆಗೆ ಮುಂಚೆ ನಮ್ಮ ಮನೆಯಲ್ಲಿ ಬೆಳ್ಳಿ ತೊಳೆಯುವುದೆಂದರೆ ಅರ್ಧ ದಿನದ ಕೆಲಸ. ಹುಣಸೆಹಣ್ಣು ನೆನೆಸಬೇಕು, ಒಲೆಯ ಬೂದಿ ಜರಡಿ ಹಿಡಿಯಬೇಕು, ಆಮೇಲೆ ದೀಪ, ತಟ್ಟೆ, ಕುಂಕುಮದ ಬಟ್ಟಲು, ರಾಣಿಯ ತಲೆಯಿದ್ದ ಹಳೆಯ ರಾಣಿ ರೂಪಾಯಿಗಳು ಎಲ್ಲವನ್ನೂ ತೆಂಗಿನ ನಾರಿನಿಂದ ತಿಕ್ಕಬೇಕು. ನಮ್ಮ ಅತ್ತೆಯವರು ಹಿತ್ತಲ ಕಲ್ಲಿನ ಮೇಲೆ ಕೂತರೆಂದರೆ ಬೆಳ್ಳಿ ಫಳಫಳ ಎನ್ನಲೇಬೇಕು. ಆಲ್ದೂರಿನ ಸುತ್ತಮುತ್ತ ಒಂದು ಮನೆಯ ಹೆಂಗಸರನ್ನು ಜನ ಅಳೆಯುವುದು ಆ ಮನೆಯ ಬೆಳ್ಳಿಯಿಂದ ಎಂದು ಅವರು ನಂಬಿದ್ದರು. ನಾನು ನಂಬಿರಲಿಲ್ಲ. ಜಗಳಕ್ಕೆ ಅಷ್ಟು ಸಾಕಿತ್ತು.

ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆಯ ಬೆಲೆ ಬಂತು. ನಮ್ಮದು ಸಣ್ಣ ತೋಟ, ಆದರೂ ಎಲ್ಲರ ಕೈ ಸ್ವಲ್ಪ ಸಡಿಲವಾಯಿತು. ಮೈದುನ ಸೆಕೆಂಡ್ ಹ್ಯಾಂಡ್ ಜೀಪು ತಂದ. ನನ್ನ ಪಾಲಿಗಿದ್ದದ್ದು ಉದುರು ಕಾಫಿ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಬಿದ್ದ ಹಣ್ಣನ್ನು ಯಾರು ಆರಿಸುತ್ತಾರೋ ದುಡ್ಡು ಅವರದ್ದು. ನಮ್ಮ ಮನೆಯಲ್ಲಿ ಅದರ ಬಗ್ಗೆ ಗಂಡಸರು ತುಟಿ ಬಿಚ್ಚುವಂತಿರಲಿಲ್ಲ. ಬೇರೆ ಹೆಂಗಸರು ಆ ದುಡ್ಡಿನಲ್ಲಿ ಓಲೆ ಮಾಡಿಸಿಕೊಳ್ಳುತ್ತಿದ್ದರು. ನನಗೆ ನಾಣ್ಯದ ಹುಚ್ಚು ಹಿಡಿಯಿತು.

ಹಿಡಿಸಿದವರು ಬೆಂಗಳೂರಿನ ಒಬ್ಬ ನಾಣ್ಯದ ವ್ಯಾಪಾರಿ. ನೆಂಟರ ಮದುವೆಗೆ ಸೀರೆ ತರಲು ಹೋದವಳು ಪಕ್ಕದಲ್ಲಿದ್ದ ಅವರ ಪುಟ್ಟ ಅಂಗಡಿಗೆ ನುಗ್ಗಿದ್ದೆ.

"ಎಲ್ಲಾದ್ರಲ್ಲೂ ಒಂದೊಂದು ತಗೋಬೇಡಿ ಮೇಡಂ. ಒಂದೇ ಸಾಲು ಹಿಡೀರಿ, ಅದ್ರಲ್ಲಿ ಒಳ್ಳೇದನ್ನೇ ತಗೊಳ್ಳಿ" ಎಂದರು.

ಸಾಲು ಎಂದರೆ ಒಂದೇ ದೇಶದ, ಒಂದೇ ಅಚ್ಚಿನ, ಬೇರೆ ಬೇರೆ ವರ್ಷದ ನಾಣ್ಯಗಳು. ಒಳ್ಳೆಯದು ಎಂದರೆ ಯಾರ ಜೇಬಿನಲ್ಲೂ ಓಡಾಡದೆ, ಟಂಕಸಾಲೆಯ ಹೊಳಪನ್ನು ಹಾಗೇ ಉಳಿಸಿಕೊಂಡದ್ದು. ರಾಣಿ ರೂಪಾಯಿ ಆ ದರ್ಜೆಯಲ್ಲಿ ನನ್ನ ಕೈಗೆಟುಕಲಿಲ್ಲ. ದೊಡ್ಡ ಡಾಲರುಗಳಿಗೆ ಬೆಳ್ಳಿಯ ತೂಕವೇ ಬೆಲೆ ಏರಿಸುತ್ತಿತ್ತು. ಹಾಲೆಂಡಿನವು ಅಗ್ಗ, ಆದರೆ ಅವುಗಳ ಮೇಲೂ ರಾಣಿಯ ತಲೆ. ತಟ್ಟೆಯ ಮೂಲೆಯಲ್ಲಿ ಸ್ವಿಟ್ಜರ್ಲೆಂಡಿನ ಅರ್ಧ ಫ್ರಾಂಕು ಬಿದ್ದಿತ್ತು, ನಮ್ಮ ನಾಲ್ಕಾಣೆಯಷ್ಟು ಅಗಲ. ಅದರ ಮೇಲೆ ಒಬ್ಬ ಹೆಂಗಸು ಈಟಿ ಗುರಾಣಿ ಹಿಡಿದು ನಿಂತಿದ್ದಳು. ಯಾವ ರಾಜನ ಹೆಂಡತಿಯೂ ಅಲ್ಲ, ತಾಯಿಯೂ ಅಲ್ಲ, ತನ್ನ ಪಾಡಿಗೆ ನಿಂತವಳು. ಸುಮಾರು ನೂರು ವರ್ಷ ಅವಳನ್ನು ಬೆಳ್ಳಿಯಲ್ಲಿ ಹಾಗೇ ಅಚ್ಚು ಹಾಕಿದ್ದಾರಂತೆ. ಕೊನೆಯ ವರ್ಷಗಳವು ಹೊಸದರಂತೆಯೇ ಸಿಗುತ್ತವೆ, ಅದೂ ಅಗ್ಗಕ್ಕೆ.

"ಇದನ್ನ ಯಾರೂ ಕೇಳಲ್ಲ ಮೇಡಂ."

"ಅದಕ್ಕೇ ನಾನು ಕೇಳ್ತಿರೋದು."

ಊರಿಗೆ ಬಂದರೆ ಮೈದುನನ ನಗು. "ಅತ್ತಿಗೆ, ಈ ಚಿಲ್ರೆಗೆ ಬಾಳೆಹೊನ್ನೂರಿನ ಬಸ್ ಟಿಕೇಟೂ ಬರಲ್ವಲ್ಲ ಮಾರಾಯ್ರೆ!"

"ಬರ್ದಿದ್ರೆ ನಿನ್ನ ಜೀಪಿದೆ, ಬಿಡು" ಎಂದೆ.

ನನ್ನ ಕಟ್ಟುನಿಟ್ಟು ನನಗೆ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಒರೆಸಬಾರದು, ಉಜ್ಜಬಾರದು. ಮಲೆನಾಡಿನ ತೇವಕ್ಕೆ ಹೆದರಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿರುವ, ತೇವ ಹೀರುವ ಹರಳಿನ ಪೊಟ್ಟಣಗಳನ್ನು ಅಂಗಡಿಯವನ ಹತ್ತಿರ ಕೇಳಿ ತಂದು ಪೆಟ್ಟಿಗೆಯಲ್ಲಿಡುತ್ತಿದ್ದೆ. ಕೊನೆಗೆ ತುಂಬಾ ಹಳೆಯದೊಂದು ಅರ್ಧ ಫ್ರಾಂಕು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿತು. ಅದರ ಅಂಚಿನ ಸುತ್ತ ಪಾರಿವಾಳದ ಕೊರಳಿನಂಥ ನೀಲಿ, ನಸುಗೆಂಪು. ವಯಸ್ಸಾದ ಬೆಳ್ಳಿಗೆ ತಾನಾಗಿ ಬರುವ ಬಣ್ಣ ಅದು; ಒಮ್ಮೆ ಹೋದರೆ ನಮ್ಮ ಕಾಲಕ್ಕೆ ಮತ್ತೆ ಬರುವುದಿಲ್ಲ. ಆ ಮನೆಯಲ್ಲಿ ನಾನೇ ಆರಿಸಿದ್ದು ಎನ್ನಬಹುದಾದ ವಸ್ತು ಬೇರೆ ಇರಲಿಲ್ಲ.

ಆ ವರ್ಷ ದೀಪಾವಳಿಗೆ ಮುಂಚೆ ಮಲ್ಲಂದೂರಿನ ತವರಿಗೆ ಹೋಗಿ ಬಂದೆ. ಪೂಜೆಯ ತಟ್ಟೆಯಲ್ಲಿ ಆ ಹಳೆಯ ಅರ್ಧ ಫ್ರಾಂಕು ಬೆಳ್ಳಗೆ ಕೂತಿತ್ತು.

"ನೋಡು, ನಿಂದೂ ತೊಳ್ದಿಟ್ಟಿದ್ದೀನಿ" ಎಂದರು ಅತ್ತೆಯವರು, ಪ್ರೀತಿಯಿಂದಲೇ. "ನಿನ್ನ ಪೆಟ್ಟಿಗೇಲಿ ಉಳಿದವೆಲ್ಲ ಬೆಳ್ಳಗಿದ್ವು. ಇದೊಂದಕ್ಕೆ ಪಾಪ, ಎಷ್ಟು ಕೊಳೆ ಹಿಡ್ದಿತ್ತು!"

ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. "ಅದು ಕೊಳೆ ಅಲ್ಲ, ಅದರ ವಯಸ್ಸು!" ಎಂದು ಕಿರುಚಿದೆ.

"ಕಪ್ಪು ಬೆಳ್ಳಿ ಪೂಜೆಗಿಟ್ರೆ ಜನ ಏನಂತಾರೆ? ಈ ಮನೇಲಿ ಹೆಂಗಸರಿಲ್ವಾ ಅಂತಾರೆ."

"ಅನ್ಲಿ ಬಿಡಿ."

ನನ್ನ ಗಂಡ ಇನ್ನೊಂದು ತರೋಣ ಎಂದರು. ಯಾರಿಗೆ ಬೇಕಿತ್ತು ಇನ್ನೊಂದು? ತೊಳೆದ ನಾಣ್ಯವನ್ನು ಅತ್ತೆಯವರ ಅಂಗೈಗೆ ಹಾಕಿದೆ. "ಇದು ಇನ್ನು ನಿಮ್ದು. ಉಳಿದದ್ದಕ್ಕೆ ಕೈ ಹಾಕಿದ್ರೆ ಈ ಮನೆ ಬೆಳ್ಳಿ ನಾನು ಮುಟ್ಟಲ್ಲ." ನನ್ನ ಸಾಲಿನಲ್ಲಿ ಅದರ ಜಾಗ ಖಾಲಿಯೇ ಉಳಿಯಿತು. ಅದೇ ವರ್ಷದ ಅಚ್ಚಿನ, ಸವೆದ ನಾಣ್ಯವೊಂದನ್ನು ವ್ಯಾಪಾರಿ ಕೊಡಲು ಬಂದರೂ ಬೇಡವೆಂದೆ. ಜಾಗ ತುಂಬಿಸುವುದಕ್ಕೆಂದು ಏನನ್ನೋ ತರುವವಳು ನಾನಲ್ಲ.

ಮರುವರ್ಷದಿಂದ ತಟ್ಟೆಯಲ್ಲಿ ಎರಡು ಅರ್ಧ ಫ್ರಾಂಕು. ಒಂದು ಅವರದ್ದು, ತಿಕ್ಕಿ ತಿಕ್ಕಿ ಬೆಳಗಿದ್ದು. ಇನ್ನೊಂದು ನಾನು ಬೇಕೆಂದೇ ಇಟ್ಟದ್ದು, ನೀರು ಸೋಕದ್ದು. ವರ್ಷ ಕಳೆದಂತೆ ಅದರ ಬಿಳುಪು ಸ್ವಲ್ಪ ಮಾಸಿತು. ಅರಿಶಿನ ಕುಂಕುಮಕ್ಕೆ ಬಂದವರು "ಇದೊಂದು ತೊಳೆಯೋದು ಮರ್ತ್ರಾ?" ಎಂದರೆ "ಮರ್ತಿಲ್ಲ, ತೊಳೆಯಲ್ಲ" ಎನ್ನುತ್ತಿದ್ದೆ. ಅತ್ತೆಯವರು ಮುಖ ತಿರುಗಿಸಿ ತಮ್ಮದನ್ನು ಇನ್ನಷ್ಟು ಮುಂದಕ್ಕೆ ಸರಿಸುತ್ತಿದ್ದರು. ಕಾಫಿ ಬೆಲೆ ಬಿತ್ತು, ಜೀಪು ಮಾರಿದ್ದಾಯಿತು. ನಾವಿಬ್ಬರು ಮಾತ್ರ ಬಗ್ಗಲಿಲ್ಲ.

ಅವರು ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ವರ್ಷ, ಹೊಸ ಕನ್ನಡಕದಲ್ಲಿ ತಟ್ಟೆಯನ್ನೇ ನೋಡುತ್ತಾ ಕೂತರು. ನನ್ನದಕ್ಕೆ ಅಷ್ಟು ಹೊತ್ತಿಗೆ ತೆಳುವಾದ ಜೇನಿನ ಬಣ್ಣ ಬರತೊಡಗಿತ್ತು. ಅದರ ಮೇಲಿನ ಹೆಂಗಸಿನ ಸೆರಗಿನ ಒಂದೊಂದು ನೆರಿಗೆಯೂ ಎದ್ದು ಕಾಣುತ್ತಿತ್ತು.

"ಅಲ್ವೇ, ನನ್ನವಳ ಕಣ್ಣು ಮೂಗು ಎಲ್ಲಿ ಹೋಯ್ತು?"

"ಬೂದಿ ಹಾಕಿ ತಿಕ್ಕಿದ್ರಲ್ಲ, ಹೋಯ್ತು" ಎಂದೆ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅವರು ನನ್ನ ನಾಣ್ಯವನ್ನು ಕೈಗೆತ್ತಿಕೊಂಡರು. ಎರಡು ಬೆರಳಲ್ಲಿ, ಅಂಚಿನಲ್ಲಿ. ಹಾಗೆ ಹಿಡಿಯುವುದನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮರುವರ್ಷ ಬೆಳ್ಳಿ ತೊಳೆಯುವ ದಿನ ಎಲ್ಲವನ್ನೂ ಹಿತ್ತಲ ಕಲ್ಲಿನ ಹತ್ತಿರ ತಂದಿಟ್ಟೆ. ಅವರ ಅರ್ಧ ಫ್ರಾಂಕನ್ನೂ ಇಟ್ಟೆ. ಅವರು ಅದನ್ನು ಅಂಚಿನಲ್ಲಿ ಹಿಡಿದು ಆಚೆಗಿಟ್ಟರು.

"ಇದು ಹಂಗೇ ಇರ್ಲಿ" ಎಂದರು. "ಇದಕ್ಕೂ ವಯಸ್ಸಾಗ್ಲಿ."