ಮೆಣಸಿನಕಾಯಿಯ ತುರಿಕೆ ಎಂದುಕೊಂಡದ್ದು

ಮೂರು ವರ್ಷದ ಹಿಂದಿನ ಮಾತು. ನಾನು ಪುಣೆಯ ಬಿಬವೇವಾಡಿಯಲ್ಲಿ ಜನರಲ್ ಪ್ರಾಕ್ಟೀಸ್ ಮಾಡುತ್ತಿದ್ದ ಕೊನೆಯ ವರ್ಷ ಅದು. ಇಪ್ಪತ್ತೊಂಬತ್ತು ವರ್ಷ ಅದೇ ಕೋಣೆ, ಅದೇ ಕುರ್ಚಿ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕಲಬುರಗಿ ಕಡೆಯ ಹೆಂಗಸರಿಗೆ ನಾನು ಬರೀ ಕನ್ನಡ ಡಾಕ್ಟರ್. ಹೊಟ್ಟೆನೋವನ್ನು ಮರಾಠಿಯಲ್ಲಿ ವಿವರಿಸುವ ಕಷ್ಟ ತಪ್ಪಿತಲ್ಲ, ಅವರಿಗೆ ಅಷ್ಟು ಸಾಕಿತ್ತು.

ಈ ಕೆಲಸದವರು ಘಾಟು ತಡೆಯಲು ಮೂಗು, ಬಾಯಿ, ಕುತ್ತಿಗೆ ಸೇರಿಸಿ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ. ಊಟದ ಬಿಡುವಿನಲ್ಲಿ ಹಾಗೆಯೇ ಬರುತ್ತಿದ್ದರು. ಆ ಬಟ್ಟೆ ಕೊಡವಿದರೆ ಇಡೀ ದವಾಖಾನೆ ಸೀನುತ್ತಿತ್ತು. ಆದ್ದರಿಂದ ಬಿಚ್ಚಿ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಅವರಲ್ಲೊಬ್ಬಳು ಶಾಂತವ್ವ, ಐವತ್ತೆರಡು ವರ್ಷ. ವಿಧವೆ, ಮಗಳೊಬ್ಬಳು ನರ್ಸಿಂಗ್ ಓದುತ್ತಿದ್ದಳು. "ಮೈಯೆಲ್ಲಾ ತುರಸ್ತದ್ರಿ. ಮೆಣಸಿನಕಾಯಿ ಕಾಟ, ಮತ್ತೇನ್ರಿ" ಎಂದಳು. ರೋಗಿಯೇ ರೋಗದ ಹೆಸರು ಹೇಳಿದ ಮೇಲೆ ಡಾಕ್ಟರಿಗೆ ಏನು ಕೆಲಸ? ಚರ್ಮದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಅದನ್ನು ನೋಡಿದೆ, ಯೋಚಿಸಲಿಲ್ಲ. ಹತ್ತು ದಿನಕ್ಕೆ ಸ್ಟೀರಾಯ್ಡ್ ಗುಳಿಗೆ ಬರೆದೆ.

ತುರಿಕೆ ಮಾಯವಾಯಿತು. "ಭಾಳ ಆರಾಮ ಆತ್ರಿ, ನಿಮ್ಮ ಕೈಗುಣ ಚಲೋ ಅದ" ಎಂದಳು. ನಾನು ಉಬ್ಬಿದೆ. ಆದರೆ ತಿಂಗಳೊಳಗೆ ತುರಿಕೆ ಮರಳಿತು. ಅದೇ ಗುಳಿಗೆ ಕೊಟ್ಟೆ. ಮೂರನೆಯ ಸಲವೂ ಅದನ್ನೇ.

ನಾಲ್ಕನೆಯ ಸಲ ಬಂದಾಗ, ಮೊದಲ ಸಲ ಬಂದು ಐದು ತಿಂಗಳಾಗಿತ್ತು. ಜ್ವರವಿತ್ತು. ನೀರು ಕುಡಿಯಲೆಂದು ಅವಳೇ ಮುಖಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕುತ್ತಿಗೆಯ ಎಡಬದಿಯಲ್ಲಿ ಮೂರು ಗಡ್ಡೆಗಳಿದ್ದವು. ಮುಟ್ಟಿದರೆ ರಬ್ಬರಿನಂತಿದ್ದವು, ನೋವಿರಲಿಲ್ಲ.

"ಇವು ಯಾವಾಗಿಂದ?"

"ಮೊದಲಿಂದನೂ ಅದಾವ್ರಿ. ನಿಮ್ಮ ಗುಳಿಗಿ ತೊಗೊಂಡ್ರ ಸಣ್ಣ ಆಗ್ತಿದ್ವು."

ರಾತ್ರಿ ಸೀರೆ ತೋಯುವಷ್ಟು ಬೆವರುತ್ತದೆಯೇ ಎಂದು ಕೇಳಿದೆ. ಹೌದೆಂದಳು. ತೂಕ ಐವತ್ತೆಂಟರಿಂದ ನಲವತ್ತೊಂಬತ್ತು ಕಿಲೋಗೆ ಇಳಿದಿತ್ತು.

ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಸೋಂಕನ್ನು ತಡೆಯುವ ದುಗ್ಧರಸ ಗ್ರಂಥಿಗಳಿರುತ್ತವೆ. ಅವುಗಳಲ್ಲಿನ ಬಿಳಿ ರಕ್ತಕಣಗಳು ಅಂಕೆ ಮೀರಿ ಬೆಳೆಯುವ ಕ್ಯಾನ್ಸರೇ ಲಿಂಫೋಮಾ. ಹಾಡ್ಜ್‌ಕಿನ್, ನಾನ್‌-ಹಾಡ್ಜ್‌ಕಿನ್ ಎಂದು ಮುಖ್ಯವಾಗಿ ಎರಡು ಬಗೆ; ಯಾವುದೆಂದು ತಿಳಿಯಲು ಗ್ರಂಥಿಯ ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಅದು ಬಯಾಪ್ಸಿ. ನೋವಿಲ್ಲದ ಗಡ್ಡೆ, ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದರ ಲಕ್ಷಣಗಳು. ಕೆಲವರಿಗೆ, ಹಾಡ್ಜ್‌ಕಿನ್‌ನಲ್ಲಿ ವಿಶೇಷವಾಗಿ, ಗುಳ್ಳೆಯಿಲ್ಲದ ತುರಿಕೆಯೇ ಮೊದಲ ಸೂಚನೆ. ಟಿ.ಬಿ.ಯಲ್ಲೂ ಇಂಥ ಗಡ್ಡೆ ಬರುವುದರಿಂದ ಮೋಸಹೋಗುವುದು ಸುಲಭ. ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕುಗ್ಗಿ, ರೋಗ ಮರೆಯಾಗುತ್ತದೆ. ಇದೆಲ್ಲ ನಾನು ಓದಿ ಪಾಸಾದದ್ದೇ.

ಬಯಾಪ್ಸಿಯಲ್ಲಿ ಹಾಡ್ಜ್‌ಕಿನ್ ಎಂದು ಬಂತು. ಸ್ಕ್ಯಾನಿನಲ್ಲಿ ಯಕೃತ್ತಿಗೂ ಹರಡಿದ್ದು ಕಂಡಿತು; ನಾಲ್ಕನೆಯ ಹಂತ. ಬೇಗ ಸಿಕ್ಕರೆ ಹೆಚ್ಚಿನವರು ಗುಣವಾಗುವ ರೋಗವಿದು ಎಂದು ಕ್ಯಾನ್ಸರ್ ತಜ್ಞರು ಹೇಳಿದರು. ನನಗೆ ಗೊತ್ತಿತ್ತು. ಆ ವಾರ ನಾನು ಎಂದಿನಂತೆ ರೋಗಿಗಳನ್ನು ನೋಡಿದೆ, ಊಟ ಮಾಡಿದೆ, ಮಲಗಿದೆ. ಅಳು ಬರಲಿಲ್ಲ. ಒಳಗೆ ಏನೂ ಆಗುತ್ತಲೇ ಇರಲಿಲ್ಲ.

ಮೂರನೆಯ ಕೀಮೋ ಆದ ಮೇಲೆ ಆಸ್ಪತ್ರೆಗೆ ಹೋದೆ. ಕೂದಲು ಉದುರಿತ್ತು. ಮಗಳು ಔಷಧಿ ತರಲು ಹೋಗಿದ್ದಳು. ಹೇಳಲೇಬೇಕೆಂದು ಹೋದದ್ದನ್ನು ಹೇಳಿದೆ: "ಶಾಂತವ್ವ, ಮೊದಲ ದಿನವೇ ನಾನು ಕುತ್ತಿಗೆ ನೋಡಬೇಕಿತ್ತು. ನೋಡಲಿಲ್ಲ."

ಅವಳು ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡಳು. "ನಾನೂ ತೋರಿಸಲಿಲ್ಲ ಬಿಡ್ರಿ. ತಪ್ಪು ಇಬ್ಬರದೂ ಅರ್ಧ ಅರ್ಧ."

ನಾಲ್ಕನೆಯ ಕೀಮೋದ ನಂತರ ಸೋಂಕು ತಗುಲಿ, ಒಂಬತ್ತು ದಿನದಲ್ಲಿ ತೀರಿಕೊಂಡಳು.

ರೋಗಿ ಏನು ತೋರಿಸುತ್ತಾನೋ ಅಷ್ಟನ್ನೇ ನೋಡಿದರೆ ಡಾಕ್ಟರ್ ಬೇಕಾಗಿಲ್ಲ. ಇಪ್ಪತ್ತೊಂಬತ್ತು ವರ್ಷದ ವೃತ್ತಿ ಕಲಿಸಿದ್ದು ಇದು, ಅದೂ ಕೊನೆಯ ವರ್ಷದಲ್ಲಿ. ಅರ್ಧ ತಪ್ಪು ತನ್ನದೆಂದು ಅವಳು ಹೇಳಿದಾಗ, ಇಲ್ಲ, ಪೂರ್ತಿ ನನ್ನದೇ ಎನ್ನಬೇಕಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ.