ಗುಡ್ಡಣ್ಣ ಹೊಳೆ ದಾಟಿಸಿದ ಮಧ್ಯಾಹ್ನ

ಬಿಸಿಲಿಗೆ ಕಾದ ಹತ್ತಿಯ ವಾಸನೆ ಎಲ್ಲೇ ಬರಲಿ, ನನಗೆ ಯರಗುಪ್ಪಿಯ ನಮ್ಮ ಮನೆಯ ಪಡಸಾಲಿ ನೆನಪಾಗುತ್ತದೆ. ಎಣ್ಣೆಯದೋ ಮಣ್ಣಿನದೋ ಹೇಳಲಾಗದ, ತುಸು ಬೆಚ್ಚಗಿನ ವಾಸನೆ. ಎಂಬತ್ತರ ದಶಕದ ಬೇಸಿಗೆಗಳಲ್ಲಿ ಪಡಸಾಲಿಯ ಅರ್ಧಕ್ಕೆ ಹತ್ತಿ ಒಟ್ಟಿರುತ್ತಿದ್ದರು. ನಾನೂ ನನ್ನ ಅಕ್ಕ ಕಮಲಕ್ಕನೂ ಅದರಲ್ಲಿ ಕುತ್ತಿಗೆಮಟ ಹುಗಿದುಕೊಂಡು ಕೂತರೆ, ಕುಂದಗೋಳದಲ್ಲಿ ಟೀಚರ್ ಆಗಿದ್ದ ನಮ್ಮ ಶಾಂತಾ ಅತ್ತಿ, ಅಪ್ಪನ ತಂಗಿ, ಕಂಬಕ್ಕೆ ಒರಗಿ ಮಕ್ಕಳ ಕಾದಂಬರಿಯೊಂದನ್ನು ಓದುತ್ತಿದ್ದಳು. ರಟ್ಟು ಕಿತ್ತುಹೋಗಿದ್ದ ಆ ಪುಸ್ತಕದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಳಗಿನ ಮೂವರು ಮಾತ್ರ ಮನೆಯವರೇ ಆಗಿಹೋಗಿದ್ದರು: ನೆರಳು ಕಳಕೊಂಡ ಹುಡುಗಿ ಮಿಣುಕಿ, ಬರೀ ಸುಳ್ಳು ಹೇಳುವ ಕಾಗೆ, ಬೇವಿನ ಮರದಷ್ಟು ಎತ್ತರದ ದೈತ್ಯ ಗುಡ್ಡಣ್ಣ. ಗುಡುಗಿದರೆ ಗುಡ್ಡಣ್ಣ ಮಿಣುಕಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ.

ನಮ್ಮ ಆಯಿ, ಅಪ್ಪನ ತಾಯಿ, ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಅವಳಿಗೆ ಗುಡ್ಡಣ್ಣನೆಂದರೆ ಅಕ್ಕರೆ. “ಪಾಪ, ಅಷ್ಟು ದೊಡ್ಡ ಮೈಗೆ ಎಷ್ಟು ರೊಟ್ಟಿ ಬೇಕಾಗ್ತಾವೋ” ಎನ್ನುತ್ತಿದ್ದಳು. ಅಜ್ಜ ಹೊರಗೆ ಕಟ್ಟೆಯ ಮೇಲೆ, ಕೇಳಿಸದವರಂತೆ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಕತೆಯಲ್ಲಿ ಹೊಳೆಗೆ ನೆರೆ ಬಂತು. ಗುಡ್ಡಣ್ಣ ಮಿಣುಕಿಯನ್ನು ಹೆಗಲ ಮೇಲೆ, ರೆಕ್ಕೆ ಮುರಿದ ಕಾಗೆಯನ್ನು ತಲೆಯ ಮೇಲೆ ಕೂಡಿಸಿಕೊಂಡು ನೀರಿಗಿಳಿದ. ಇಬ್ಬರನ್ನೂ ಆಚೆ ದಂಡೆಗೆ ಎತ್ತಿಟ್ಟ. ತಾನು ಮೇಲೆ ಬರುವಷ್ಟರಲ್ಲಿ ಕಾಲು ಜಾರಿತು. ಅಲ್ಲಿಗೆ ಅತ್ತಿ ಓದು ನಿಲ್ಲಿಸಿಬಿಟ್ಟಳು.

“ಯಾಕ ನಿಂತಿ? ಹೊಳ್ಳಿ ಬಂದ್ನೇನು ಅವ?” ಆಯಿ ಕೇಳಿದಳು.

“ಬರಲಿಲ್ಲಬೇ ಅವ್ವಾ.”

“ಯಾರರೆ ಹೆಸರು ಹಿಡದು ಕರದ್ರೇನು?”

“ಹೂಂ. ಮಿಣುಕಿ ದಿನಾ ದಂಡಿಗೆ ಬಂದು ಕರೀತಾಳ.”

ಆಯಿಯ ಕೈಯಲ್ಲಿ ಜೋಳದ ಮೊರ ಹಾಗೇ ನಿಂತಿತು. “ನಾವು ಕರೀಲಿಲ್ಲ” ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, “ನಿಮಗ ಒಬ್ಬ ದೊಡ್ಡಪ್ಪ ಇದ್ದ. ನನ್ನ ಹಿರೇಮಗ. ಸಾಲಿಗೆ ಹೋಗೂ ಹುಡುಗ. ಬೆಣ್ಣಿಹಳ್ಳ ತುಂಬಿ ಬಂದಾಗ ನೀರಾಗ ಸಿಕ್ಕ ಆಕಳ ಕರ ಬಿಡಸಾಕ ಹೋದಾವ ಬರಲೇ ಇಲ್ಲ. ಈರಪ್ಪ ಅಂತ ಹೆಸರು” ಎಂದಳು.

ಆ ಹೆಸರನ್ನು ನಾವು ಅದೇ ಮೊದಲು ಕೇಳಿದ್ದು. ಮಗ ಹೋದಮೇಲೆ ಅದನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಅಜ್ಜ ಹೇಳಿದ್ದರಂತೆ. ಎಲ್ಲರೂ ಕಟ್ಟೆಯ ಕಡೆ ನೋಡಿದೆವು. ಅಜ್ಜ ಎದ್ದು ಒಳಗೆ ಬಂದರು. ಬೈಯುತ್ತಾರೆಂದು ನಾನು ಹತ್ತಿಯೊಳಗೆ ಇನ್ನಷ್ಟು ಸರಿದೆ.

“ಈರಪ್ಪ ಅಂತ ಯಾರು ಕರೀತಿದ್ರು?” ಅಜ್ಜನ ದನಿ ಮೆತ್ತಗಿತ್ತು. “ಈರ್ಯಾ ಅಂತಿದ್ವಿ.”

ಹಾಗೆಂದು ಆಯಿಯ ಬಾಜು ನೆಲಕ್ಕೇ ಕೂತರು. ಆಮೇಲೆ ಮಗಳಿಗೆ, “ಮುಂದ ಓದವಾ” ಎಂದರು.

ಅಂದಿನಿಂದ ಈರ್ಯಾ ಹೊಲಕ್ಕೆ ಹೋದವನು ಇನ್ನೇನು ಬರುತ್ತಾನೆ ಎಂಬಂತೆ ಅವನ ಮಾತು ನಡೆಯುತ್ತಿತ್ತು. ಅವನಿಗೆ ಪುಂಡಿಪಲ್ಯೆ ಸೇರುತ್ತಿತ್ತು, ನಕ್ಕರೆ ಬಿಕ್ಕಳಿಕೆ ಬರುತ್ತಿತ್ತು, ಎಡಗೈಯಿಂದ ಬರೆದು ಮಾಸ್ತರರ ಹತ್ತಿರ ಏಟು ತಿನ್ನುತ್ತಿದ್ದ. ಈಗ ಆ ಪಡಸಾಲಿ ಬಿದ್ದು ಅಲ್ಲಿ ಬೇರೆ ಮನೆ ಎದ್ದಿದೆ. ಅಜ್ಜ, ಆಯಿ, ಅಪ್ಪ ಹೋದರು; ಹೋದ ವರ್ಷ ಅತ್ತಿಯೂ ಹೋದಳು. ನಿಮ್ಮ ಮನೆಯಲ್ಲೂ ಹೀಗೊಬ್ಬರು ಇದ್ದಿರಬಹುದು. ಈರ್ಯಾನ ಮುಖ ಕಂಡವರು ನಮ್ಮ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ. ಅವನು ನಕ್ಕರೆ ಬಿಕ್ಕಳಿಸುತ್ತಿದ್ದ ಎಂಬುದು, ಅವನನ್ನು ಕಾಣದ ನನಗೂ ಕಮಲಕ್ಕನಿಗೂ ಮಾತ್ರ ಗೊತ್ತು.