ನಾನು ಫೋನು ಬಿಟ್ಟ ಬೇಸಿಗೆ

ಗಂಗಾ, ನಿನ್ನ ಅವ್ವ ತೀರಿಕೊಂಡ ಸುದ್ದಿ ನನಗೆ ಅವತ್ತು ಬೆಳಿಗ್ಗೆಯೇ ಗೊತ್ತಾಗಿತ್ತು. ಮಣ್ಣು ಮಾಡುವುದಕ್ಕೆ ಇನ್ನೂ ಹೊತ್ತಿತ್ತು. ಅರಸೀಕೆರೆಯಿಂದ ಹಳೇಬೀಡು ಏನು ಕಾಶಿಯೇ, ರಾಮೇಶ್ವರವೇ — ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ನಿನ್ನ ಪಕ್ಕದಲ್ಲಿರುತ್ತಿದ್ದೆ. ಹತ್ತಿದೆ ಕೂಡ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಇದು — ಕೆಲವು ದಿನಗಳ ಮೇಲೆ ನೀನು ನಮ್ಮ ಮನೆ ಬಾಗಿಲಿಗೆ ಬಂದು ಸುದ್ದಿ ಹೇಳಿದಾಗ, ಏನೂ ತಿಳಿಯದವಳ ಹಾಗೆ ನಾನು ಕಣ್ಣರಳಿಸಿ "ಯಾವಾಗ?" ಎಂದು ಕೇಳಿದೆನಲ್ಲ, ಅದು ನಾಟಕ. ಯಾವಾಗ ಎನ್ನುವುದು ನನಗೆ ಗೊತ್ತಿತ್ತು.

ಮುಂದೆ ಬರೆಯುವುದರಲ್ಲಿ ಎಷ್ಟೋ ನಿನಗೆ ಗೊತ್ತಿರುವುದೇ. ಬೇಸರ ಮಾಡಿಕೊಳ್ಳಬೇಡ. ನಾನು ಯಾರಿಗೆ ಏನು ಮಾಡಿದೆ ಎನ್ನುವುದನ್ನು ನನಗೇ ಒಮ್ಮೆ ಮೊದಲಿನಿಂದ ಹೇಳಿಕೊಳ್ಳಬೇಕಾಗಿದೆ.

ಕಣಕಟ್ಟೆಯಿಂದ ಬೇಲೂರಿಗೆ ದಿನಾ ಓಡಾಡಿ ಓದುವುದು ಆಗದ ಮಾತು ಅಂತ, ಶಿಕ್ಷಕರ ತರಬೇತಿಯ ಎರಡು ವರ್ಷವೂ ನಾನು ಹಳೇಬೀಡಿನ ನಿಮ್ಮ ಮನೆಯಲ್ಲೇ ಇದ್ದೆ. ದೂರದ ನೆಂಟಸ್ತಿಕೆ, ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅವ್ವ ಒಂದು ದಿನವೂ ನನ್ನನ್ನು ನೆಂಟರವಳ ಹಾಗೆ ನೋಡಲಿಲ್ಲ. ಇಬ್ಬರ ಡಬ್ಬಿಗೂ ಒಂದೇ ರಾಗಿರೊಟ್ಟಿ, ಒಂದೇ ಹುಚ್ಚೆಳ್ಳು ಚಟ್ನಿ. ಇಬ್ಬರಿಗೂ ಒಂದೇ ಬೈಗುಳ. ಭಾನುವಾರ ನಿನ್ನ ತಲೆಗೆ ಹರಳೆಣ್ಣೆ ತಿಕ್ಕಿ ಮುಗಿಸಿ, "ಬಾರೇ ಕಣಕಟ್ಟೆಯವಳೇ" ಎಂದು ನನ್ನ ಜುಟ್ಟು ಹಿಡಿದು ಎಳೆಯುತ್ತಿದ್ದಳು. ಕಾಲೇಜಿನವರೆಲ್ಲ ನಮ್ಮ ಹೆಸರು ಹಿಡಿದು ಗಂಗೆ-ಗೌರಿ ಜಗಳ ಯಾವಾಗ ಎಂದು ರೇಗಿಸುತ್ತಿದ್ದರು. ಅವ್ವನಿಗೆ ಹೇಳಿದರೆ, ನಿಮ್ಮಿಬ್ಬರ ಮಧ್ಯೆ ಶಿವ ಒಬ್ಬ ಇಲ್ಲವಲ್ಲ, ಜಗಳ ಎಲ್ಲಿಂದ ಬರಬೇಕು ಎಂದು ನಕ್ಕಿದ್ದಳು.

ಆಮೇಲೆ ನನಗೆ ಅರಸೀಕೆರೆಯಲ್ಲಿ ಮೇಷ್ಟರ ಕೆಲಸ, ನಿನಗೆ ಊರಲ್ಲೇ ಅಂಗನವಾಡಿ. ನೀನು ಮದುವೆಯಾದೆ, ನನಗೆ ಆಗಲಿಲ್ಲ. ಆಗಲಿಲ್ಲ ಅಷ್ಟೆ, ಅದಕ್ಕೊಂದು ಕತೆಯೇನೂ ಇಲ್ಲ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ, ಕೆಳಗೆ ಕೊಬ್ಬರಿ ವ್ಯಾಪಾರದ ಓನರು. ರೈಲಿನ ಸದ್ದು ಬಿಟ್ಟರೆ ನನ್ನ ಮನೆಯಲ್ಲಿ ಮಾತಾಡುತ್ತಿದ್ದದ್ದು ಫೋನು ಒಂದೇ.

ಅವ್ವ ಬಿದ್ದು ಹಾಸಿಗೆ ಹಿಡಿದ ಮೇಲೆ ನೀನು ದಿನಾ ದನಿ ರೆಕಾರ್ಡು ಮಾಡಿ ಕಳಿಸುವುದಕ್ಕೆ ಶುರುಮಾಡಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಅವ್ವ ಗಂಜಿ ಉಗುಳಿದಳು, ಬೆನ್ನಿನ ಹುಣ್ಣು ಒಣಗಿಲ್ಲ, ರಾತ್ರಿಯೆಲ್ಲ ನಿದ್ದೆಗೆಟ್ಟೆ, ಅವ್ವ ನಿನ್ನ ಕೇಳ್ತೈತೆ, ಒಂದ್ಸಲ ಬಂದು ಹೋಗೇ. ಮೊದಮೊದಲು ಪೂರ್ತಿ ಕೇಳುತ್ತಿದ್ದೆ. ಆಮೇಲೆ ಅರ್ಧ. ಆಮೇಲೆ ಕೇಳದೆಯೇ ಒಂದು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ರಜಾ ಬಿಡಲಿ ಬರ್ತೀನಿ ಎಂದೆ. ರಜಾ ಬಿಟ್ಟಿತು — ಈ ಬಿಸಿಲಲ್ಲಿ ಹೇಗೆ ಬರಲಿ ಎಂದೆ. ಭಯವಿತ್ತು, ಹೌದು. ಆ ಗಟ್ಟಿಗಿತ್ತಿಯನ್ನು ಹಾಸಿಗೆಯಲ್ಲಿ ನೋಡುವ ಭಯ. ಆದರೆ ಬರೀ ಭಯ ಎಂದರೆ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡಂತಾಗುತ್ತದೆ. ನನಗೆ ನೀನು ಬೇಜಾರಾಗಿದ್ದೆ, ಗಂಗಾ. ನಿನ್ನ ಕಷ್ಟ ಬೇಜಾರಾಗಿತ್ತು.

ಹಾಗಿರುವಾಗ ಎಲ್ಲಿಯೋ ಓದಿದೆ — ಬೇಸಿಗೆಯಲ್ಲಿ ಫೋನು ದೂರವಿಟ್ಟರೆ ಮನಸ್ಸು ಹಗುರಾಗುತ್ತದೆ, ತಂಪಾಗುತ್ತದೆ ಅಂತ. ಸಿಕ್ಕಿತಲ್ಲ ನೆಪ! ಮಡಕೆಯ ಫೋಟೋ ಹಾಕಿ ಸ್ಟೇಟಸ್ಸಿನಲ್ಲಿ ಬರೆದೆ. ಈ ಬೇಸಿಗೆ ಮೊಬೈಲಿಗೆ ರಜೆ, ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದೇನೆ, ಬೇಕಾದವರು ಮನೆಗೇ ಬನ್ನಿ, ಪಾನಕ ಕೊಡುತ್ತೇನೆ ಎಂದು. ಅಬ್ಬಾ, ಎಷ್ಟು ಜನ ಹೊಗಳಿದರು! ಮೇಡಂ ನಿಮ್ಮಂಥ ಮನಸ್ಸು ನಮಗಿಲ್ಲ ಎಂದರು. ನೀನೂ ಬರೆದೆ. ಒಳ್ಳೇ ಕೆಲಸ ಕಣೇ, ನೀನು ತಣ್ಣಗಿರು, ನಾನು ತೊಂದರೆ ಕೊಡಲ್ಲ ಎಂದು. ಅದನ್ನು ಓದಿದಾಗ ನನಗೆ ನಾಚಿಕೆಯಾಗಲಿಲ್ಲ. ಸದ್ಯ ಅನ್ನಿಸಿತು.

ಮೊದಲ ವಾರ ನಿಜವಾಗಿಯೂ ಬಿಟ್ಟಿದ್ದೆ, ಅದನ್ನೂ ಹೇಳಬೇಕು. ಬೆಳಿಗ್ಗೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಬಂದೆ. ಸಂಡಿಗೆ ಹಾಕಿದೆ. ಬೀರುವಿನ ಸೀರೆಗಳನ್ನೆಲ್ಲ ತೆಗೆದು ಗಾಳಿಗೆ ಹರವಿ ಮಡಿಸಿಟ್ಟೆ. ಮನಸ್ಸು ಹಗುರವೇನೋ ಆಯಿತು. ಆದರೆ ಯಾರೂ ಬರಲಿಲ್ಲ. ಬೇಕಾದವರು ಬನ್ನಿ ಎಂದಿದ್ದೆನಲ್ಲ, ನಿಂಬೆಹಣ್ಣು, ಬೆಲ್ಲ ತಂದಿಟ್ಟು ಕಾದಿದ್ದೆ ಕಣೇ. ಹೊಗಳಿದವರಲ್ಲಿ ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ಮಧ್ಯಾಹ್ನದ ಹೊತ್ತು ಆ ಬಿಸಿ ಮಹಡಿಯಲ್ಲಿ ಕೂತು, ನಾನು ಇಲ್ಲೇ ಸತ್ತರೆ ವಾಸನೆ ಬಂದ ಮೇಲೆ ಓನರು ಬರಬೇಕೇನೋ ಎಂದು ಯೋಚಿಸಿದ್ದೂ ಉಂಟು.

ಎಂಟೋ ಒಂಬತ್ತೋ ದಿನಕ್ಕೆ ಬೀರು ತೆಗೆದೆ. ನಾನು ಕಾಣದೆ ಹೋದದ್ದಕ್ಕೆ ಯಾರಾದರೂ ಏನಾದರೂ ಅಂದಿದ್ದಾರಾ ನೋಡೋಣ ಅಂತ, ಅಷ್ಟಕ್ಕೇ. ಸಿಮ್ಮು ತೆಗೆದಿಟ್ಟಿದ್ದೆ, ಕರೆ ಮಾಡಿದವರಿಗೆಲ್ಲ ಸ್ವಿಚ್ ಆಫ್. ಆದರೆ ಕೆಳಗಿನ ಮನೆಯವರ ವೈಫೈ ನನ್ನ ಮಂಚದವರೆಗೂ ಬರುತ್ತಿತ್ತು, ವಾಟ್ಸಾಪಿಗೆ ಅಷ್ಟು ಸಾಕು. ನೀಲಿ ಟಿಕ್ಕು ಬಾರದ ಹಾಗೆ ಮಾಡಿದೆ. ನಾನಿರುವುದು ಯಾರಿಗೂ ತೋರದ ಹಾಗೆ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ದಿನವಿಡೀ ಎಲ್ಲರ ಸ್ಟೇಟಸ್ಸು, ಎಲ್ಲರ ಜಗಳ, ಎಲ್ಲರ ಊಟ ನೋಡಿಕೊಂಡು ಬಿದ್ದಿದ್ದೆ. ನನ್ನ ಬಗ್ಗೆ ಒಬ್ಬರೂ ಒಂದು ಮಾತೂ ಆಡಿರಲಿಲ್ಲ. ನಿನ್ನಿಂದಲೂ ಏನೂ ಬಂದಿರಲಿಲ್ಲ — ಕೊಟ್ಟ ಮಾತಿನಂತೆ ನೀನು ನನ್ನನ್ನು ನೆಮ್ಮದಿಯಾಗಿ ಬಿಟ್ಟಿದ್ದೆ.

ಅವತ್ತು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿತ್ತು. ಬೇಲೂರಿನ ಹಳೇ ಸಹಪಾಠಿಗಳ ಗುಂಪಿನಲ್ಲಿ ಯಾರೋ ಹಾಕಿದ್ದರು, ನಮ್ಮ ಗಂಗಾಳ ತಾಯಿ ಶಿವೈಕ್ಯರಾದರು, ಸಂಜೆ ಹಳೇಬೀಡಿನ ಅವರ ತೋಟದಲ್ಲಿ ಅಂತ್ಯಕ್ರಿಯೆ ಎಂದು. ಅದರ ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು.

ಸೀರೆ ಉಟ್ಟು, ಅಳುತ್ತಲೇ ಬಸ್ ಸ್ಟ್ಯಾಂಡಿಗೆ ಹೋದೆ. ಹಳೇಬೀಡಿನ ಕಡೆಗೆ, ಜಾವಗಲ್ಲಿನ ಮೇಲೆ ಹೋಗುವ ಬಸ್ಸು ನಿಂತಿತ್ತು, ಹತ್ತಿ ಕಿಟಕಿ ಪಕ್ಕ ಕೂತೆ. ಕೂತ ಮೇಲೆ ತಲೆ ಓಡಿತು. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕೇಳಿದರೆ ಹೋಗಬೇಕು — ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಹಾಗೆಯೇ ಸಾವಿನ ಮನೆಯ ಅಂಗಳಕ್ಕೆ ಕಾಲಿಟ್ಟವರನ್ನು ಮೊದಲು ಕೇಳುವುದೂ ಅದನ್ನೇ, ನಿಂಗೆ ಯಾರು ಹೇಳಿದ್ರು, ಯಾವಾಗ ತಿಳೀತು? ಹಾಗೆ ಕೇಳುವುದರಲ್ಲಿ ಯಾವ ಅನುಮಾನವೂ ಇರುವುದಿಲ್ಲ, ದುಃಖದಲ್ಲಿ ಮಾತು ಶುರುಮಾಡುವ ರೀತಿ ಅದು. ಆದರೆ ನನಗೆ ಯಾರು ಹೇಳಿದರು ಎನ್ನಲಿ? ಸಿಮ್ಮಿಲ್ಲ, ಎಲ್ಲರ ಲೆಕ್ಕದಲ್ಲಿ ಫೋನು ಬೀರುವಿನಲ್ಲಿ, ಅರಸೀಕೆರೆಯಲ್ಲಿ ನಿಮ್ಮನ್ನು ಬಲ್ಲವರು ಒಬ್ಬರೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಯಾರೂ ಇನ್ನೂ ಕೇಳಿಯೇ ಇರಲಿಲ್ಲ, ನಾನು ಬಸ್ಸಿನಲ್ಲಿ ಕೂತು ಉತ್ತರ ಹುಡುಕುತ್ತಿದ್ದೆ. ಇವಳು ಎಲ್ಲ ನೋಡುತ್ತಲೇ ಇದ್ದಳು, ಅವ್ವ ಮಲಗಿದ್ದಾಗ ಮಾತ್ರ ಬರಲಿಲ್ಲ ಎಂದು ನಿನಗೆ ಗೊತ್ತಾಗಿಬಿಡುತ್ತದೆ. ನಿನ್ನೊಬ್ಬಳಿಗೇ ಅಲ್ಲ, ಹೊಗಳಿದ ಅಷ್ಟೂ ಜನಕ್ಕೆ.

ಡ್ರೈವರು ಬಂದು ಬಸ್ಸು ಚಾಲೂ ಮಾಡಿದ. ನಾನು ಇಳಿದುಬಿಟ್ಟೆ.

ಮನೆಗೆ ಬಂದು ಏನು ಮಾಡಿದೆ ಎನ್ನುವುದನ್ನೂ ಕೇಳು. ಮತ್ತೆ ಫೋನು ಹಿಡಿದು ಕೂತೆ. ಮಧ್ಯಾಹ್ನ ಅದೇ ಗುಂಪಿಗೆ ಫೋಟೋ ಬಂತು. ಅವ್ವನನ್ನು ಹೂವಿನ ಮಧ್ಯೆ ಕೂರಿಸಿದ್ದರು, ಹಣೆ ತುಂಬ ವಿಭೂತಿ, ತಲೆ ಒಂದು ಪಕ್ಕಕ್ಕೆ ವಾಲಿತ್ತು. ನೀನು ಕಾಲಿನ ಹತ್ತಿರ ಒಬ್ಬಳೇ ಕೂತಿದ್ದೆ. ನಿನ್ನ ಒಂದು ಪಕ್ಕ ಖಾಲಿಯಿತ್ತು. ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಅವ್ವನ ಮುಖ ನೋಡಿದೆ. ನನ್ನ ಪಾಲಿಗೆ ಅಂತಿಮ ದರ್ಶನ ಅಂದರೆ ಅಷ್ಟೇ.

ಕೆಲವು ದಿನಗಳ ಮೇಲೆ, ಸುಡುಬಿಸಿಲಲ್ಲಿ, ನೀನು ಬಂದೆ. ಹನ್ನೊಂದನೆಯ ದಿನದ ಗಣಾರಾಧನೆ ಇನ್ನೂ ಆಗಿರಲಿಲ್ಲ. ನಮ್ಮ ಲಿಂಗಾಯತರಿಗೆ ಸೂತಕವಿಲ್ಲ ಎಂದು ಬಾಯಲ್ಲಿ ಹೇಳುತ್ತೇವೆ, ಆದರೂ ಇನ್ನೊಬ್ಬರ ಮನೆಯೊಳಗೆ ಕಾಲಿಡಲು ನಿನಗೆ ಮನಸ್ಸು ಬರಲಿಲ್ಲ. ಹೊಸಿಲಾಚೆ ನಿಂತೆ. ನೀರು ಕೊಟ್ಟರೂ ಬೇಡವೆಂದೆ. ಎರಡು ಬಸ್ಸು ಬದಲಿಸಿ, ನಾನು ಬೇರೆ ಯಾರ ಬಾಯಿಂದಲೋ ಕೇಳಬಾರದು ಎಂದು ನೀನೇ ಬಂದಿದ್ದೆ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದೆ. ನಾನು ಆ ಹಾಳು ಪ್ರಶ್ನೆ ಕೇಳಿದೆ. ನೀನು ನನ್ನನ್ನೇ ಸಮಾಧಾನ ಮಾಡಿದೆ.

"ಅಳ್ಬೇಡ ಕಣೇ. ನಿಂಗೆ ಹೆಂಗೆ ಗೊತ್ತಾಗ್ಬೇಕು, ಫೋನೇ ಬಿಟ್ಟಿದ್ದೀಯ. ಕೊನೇಲಿ ಅವ್ವ ಎರಡು ಮೂರು ಸಲ ಕಣಕಟ್ಟೆಯವಳು ಬಂದ್ಲಾ ಅಂತ ಕೇಳ್ತು. ಅವಳೊಂದು ವ್ರತ ಹಿಡಿದವ್ಳೆ ಅವ್ವ, ಮುಗಿದ ಮೇಲೆ ಬತ್ತಾಳೆ ಅಂದೆ. ಸರಿ ಹಂಗಾದ್ರೆ, ವ್ರತ ಕೆಡಿಸ್ಬೇಡ ಅಂತು."

ಆಗ ಹೇಳಬಹುದಿತ್ತು. ನೀನು ಅಷ್ಟು ಹತ್ತಿರ ನಿಂತಿದ್ದೆ. ನನ್ನ ಬೇಸಿಗೆಯಿಡೀ ಯಾರು ಬರುತ್ತಾರೆ ಎಂದು ಕಾದಿದ್ದೆನಲ್ಲ — ಬಂದವಳು ನೀನೊಬ್ಬಳೇ, ಅದೂ ಹೀಗೆ. ಬಾಯಿ ತೆರೆದೆ ಕೂಡ. ನನ್ನ ಬಾಯಿಂದ ಬಂದದ್ದು, ಅವ್ವ ಕಷ್ಟಪಟ್ಟಳಾ ಎನ್ನುವ ಮಾತು.

ಗಣಾರಾಧನೆಗೆ ನಾನು ಬಂದೆ. ಪಂಕ್ತಿಯಲ್ಲಿ ಕೂತವರಿಗೆಲ್ಲ ನೀನು ನನ್ನ ವ್ರತದ ಕತೆ ಹೇಳಿದೆ. ಫೋನ್ ಮಾಡಿದ್ರೆ ಸ್ವಿಚ್ ಆಫ್, ಮಾತಂದ್ರೆ ಮಾತು ಅವಳದು ಎಂದೆ. ಹಿರಿಯರೊಬ್ಬರು ತಲೆದೂಗಿದರು, ಈ ಕಾಲದಲ್ಲಿ ಇಂಥ ನಿಷ್ಠೆ ಎಲ್ಲಿದೆ ಎಂದರು. ನಾನು ತಲೆ ತಗ್ಗಿಸಿಕೊಂಡು ಪಾಯಸ ಉಂಡೆ. ಅವ್ವನ ಹೆಸರಿನ ಪಾಯಸ, ಎರಡನೇ ಸಲವೂ ಹಾಕಿಸಿಕೊಂಡೆ.

ಆಮೇಲೆ ವರ್ಷಗಳು ಹೋದವು. ಹೇಳುವುದು ಕಷ್ಟವಾಗುತ್ತ ಹೋಯಿತು. ಹೇಳಿದರೆ ಈ ಒಂದು ಮನೆಯೂ ಹೋಗುತ್ತದೆ ಎನ್ನುವ ಹೆದರಿಕೆ. ಹಬ್ಬಕ್ಕೆ ಹೋಗಲು ನನಗಿರುವುದು ನಿನ್ನ ಮನೆ ಒಂದೇ. ಬರುತ್ತಿದ್ದೆ, ಉಣ್ಣುತ್ತಿದ್ದೆ, ಅವ್ವನ ಫೋಟೋ ಇರುವ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ನಿನ್ನ ಪಕ್ಕದಲ್ಲಿ ಕೂತಾಗಲೇ ನನಗೆ ಎಲ್ಲಕ್ಕಿಂತ ಒಂಟಿ ಎನ್ನಿಸುತ್ತಿತ್ತು. ನೀನು ಪ್ರೀತಿಸುತ್ತಿದ್ದದ್ದು ಬೇರೆ ಯಾರನ್ನೋ — ಮಾತಿಗೆ ತಪ್ಪದ ಒಬ್ಬ ಗೌರಿಯನ್ನು. ಅವಳು ನನಗೂ ಪರಿಚಯವಿಲ್ಲ.

ಈ ಬೇಸಿಗೆ ನೀನೇ ಫೋನು ಬಿಟ್ಟಿದ್ದೀಯ. ಬಿಡುವ ಹಿಂದಿನ ಸಂಜೆ ಕರೆ ಮಾಡಿದೆ. ತಲೆಯೆಲ್ಲ ಭಾರ ಆಗೈತೆ ಕಣೇ, ನೀನು ಮಾಡಿದ ಹಾಗೆ ನಾನೂ ಎರಡು ತಿಂಗಳು ಹಗುರಾಗಿರ್ತೀನಿ, ಎಲ್ಲ ನಿನ್ನಿಂದ ಕಲ್ತದ್ದು ಎಂದು ನಕ್ಕೆ. ನಾನೂ ನಕ್ಕೆ. ನನ್ನ ಸುಳ್ಳನ್ನು ನೀನು ನಿಜವಾಗಿ ನಡೆಸುತ್ತಿದ್ದೀಯ, ಗಂಗಾ. ಇದನ್ನು ಇನ್ನು ತಡೆದುಕೊಳ್ಳಲಾರೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬರುತ್ತೇನೆ ಎಂದು ನಿನಗೆ ತಿಳಿಸಲು ದಾರಿಯಿಲ್ಲ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಓದಿಕೋ ಎನ್ನುವುದಿಲ್ಲ, ಅದೂ ತಪ್ಪಿಸಿಕೊಳ್ಳುವ ಉಪಾಯವೇ. ಬಾಯಿಬಿಟ್ಟು ಹೇಳುತ್ತೇನೆ. ನಡುವೆ ತೊದಲಬಾರದು, ಯಾವುದನ್ನೂ ಬಿಡಬಾರದು ಎಂದು ಬರೆದುಕೊಂಡದ್ದು, ಅಷ್ಟೆ.

ನಿನ್ನ ಸ್ವಭಾವ ನನಗೆ ಗೊತ್ತು. ಹೋಗ್ಲಿ ಬಿಡೇ ಎಂದುಬಿಡುತ್ತೀಯ. ಅನ್ನಬೇಡ. ಬೈಯಿ. ಮಾತು ಬಿಡಬೇಕು ಎನ್ನಿಸಿದರೆ ಬಿಡು, ನಾನು ತಿರುಗಿ ಬಸ್ಸು ಹತ್ತುತ್ತೇನೆ. ಒಂದು ಮಾತ್ರ ನಡೆಸಿಕೊಡು. ಅವ್ವ ಕೇಳಿದಾಗ ಗೌರಿ ವ್ರತದಲ್ಲಿದ್ದಳು ಎಂದು ಇನ್ನು ಮೇಲೆ ಯಾರಿಗೂ ಹೇಳಬೇಡ. ಗೌರಿ ಮನೆಯಲ್ಲೇ ಇದ್ದಳು. ಮಂಚದ ಮೇಲೆ ಕಾಲು ಚಾಚಿಕೊಂಡು ಫೋನು ನೋಡುತ್ತಿದ್ದಳು.